ನೆಗಡಿ ಹೋದರೂ ಉಬ್ಬಸ ಉಳಿದರೆ...

(ಹೊರರೋಗಿ ವಿಭಾಗದಲ್ಲಿ ರೋಗಿಗಳು ಮತ್ತು ಅವರ ಕಡೆಯವರಿಗಾಗಿ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸ)



ಮಳೆಗಾಲ, ಚಳಿಗಾಲ ಬಂತೆಂದರೆ ನಮಗೆ ಇಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಒಂದೇ: "ಸಿಸ್ಟರ್, ನೆಗಡಿ ಹೋಗಿ ಎರಡು ವಾರ ಆತ್ರಿ. ಎದಿಯೊಳಗ ಸುಂಯ್ ಸುಂಯ್ ಅನ್ನೋದು ನಿಂತಿಲ್ಲ. ಇದು ಬರೇ ಕಫಾನೋ, ದಮ್ಮೋ?" ಇಂದು ಈ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳೋಣ.

ಶ್ವಾಸಕೋಶಕ್ಕೆ ಗಾಳಿ ಒಯ್ಯುವ ಕೊಳವೆಗಳು ಕಿರಿದಾದಾಗ ಗಾಳಿ ನುಸುಳುವ ಸದ್ದೇ ಈ ಸುಂಯ್ ಸುಂಯ್. ಅವು ಕಿರಿದಾಗಲು ಕಾರಣಗಳು ಹಲವು. ಆದ್ದರಿಂದ ಸದ್ದು ಕೇಳಿದ ಮಾತ್ರಕ್ಕೆ ಅಸ್ತಮಾ ಎನ್ನಬಾರದು.

ಬ್ರಾಂಕೈಟಿಸ್‌ನಲ್ಲಿ ಸಾಮಾನ್ಯವಾಗಿ ನೆಗಡಿಯ ವೈರಾಣು ಎದೆಗೆ ಇಳಿದು ಕೊಳವೆಗಳ ಒಳಪದರವನ್ನು ಕೆರಳಿಸುತ್ತದೆ. ಕೆಮ್ಮು, ಕಫ ಬರುತ್ತವೆ. ಹೆಚ್ಚಿನವರಿಗೆ 2-3 ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ವೈರಾಣುವಿಗೆ ಆಂಟಿಬಯೋಟಿಕ್ ತಾಗುವುದಿಲ್ಲ. ಕಫ ಹಳದಿಯಾಯಿತೆಂದು ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ.

ಅಸ್ತಮಾದಲ್ಲಿ ಕೊಳವೆಗಳ ಒಳಪದರ ಮೊದಲಿನಿಂದಲೇ ಊದಿಕೊಂಡು ಸೂಕ್ಷ್ಮವಾಗಿರುತ್ತದೆ. ನೆಗಡಿಯಾದರೆ ಅವು ಬಿಗಿದುಕೊಳ್ಳುತ್ತವೆ. ಎರಡಕ್ಕೂ ನೆಗಡಿಯೇ ಮೊದಲಾಗುವುದರಿಂದ ಗೊಂದಲವಾಗುತ್ತದೆ. ವೈದ್ಯರ ಬಳಿ ಹೋಗುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರ ಯೋಚಿಸಿಕೊಂಡು ಬನ್ನಿ:

1. ಇದು ಮೊದಲ ಸಲವೇ, ಅಥವಾ ಪ್ರತಿ ನೆಗಡಿಯೂ ಎದೆಗೆ ಇಳಿಯುತ್ತದೆಯೇ?
2. ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು, ಉಬ್ಬಸ ಎಬ್ಬಿಸುತ್ತದೆಯೇ?
3. ನೆಗಡಿ ಇಲ್ಲದಾಗಲೂ ಜೋಳದ ರಾಶಿಯ ಧೂಳು, ಒಗ್ಗರಣೆಯ ಘಾಟು, ಊದಿನಕಡ್ಡಿಯ ಹೊಗೆ, ಓಟ, ಜೋರು ನಗುವಿನಿಂದ ಎದೆ ಬಿಗಿಯುತ್ತದೆಯೇ?
4. ನಿಮಗೆ ಅಥವಾ ಮನೆಯವರಿಗೆ ಅಸ್ತಮಾ, ಅಲರ್ಜಿಯ ಸೀನು, ಇಸಬು ಇವೆಯೇ?
5. ತೊಂದರೆ ದಿನೇ ದಿನೇ ಕಡಿಮೆಯಾಗುತ್ತಿದೆಯೇ, ಅಥವಾ ಹೋಗಿ ಮತ್ತೆ ಬರುತ್ತಿದೆಯೇ?

ಮೊದಲ ನಾಲ್ಕರಲ್ಲಿ ಹೆಚ್ಚಿನವಕ್ಕೆ ಹೌದೆಂದು, ಐದನೆಯದಕ್ಕೆ 'ಮತ್ತೆ ಬರುತ್ತದೆ' ಎಂದು ಉತ್ತರ ಬಂದರೆ ಅಸ್ತಮಾದ ಸಂಶಯ ಬಲವಾಗುತ್ತದೆ. ಆಗ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಮಾಡುತ್ತಾರೆ. ಒಮ್ಮೆ ಊದಿಸಿ, ಕೊಳವೆ ಅಗಲಿಸುವ ಔಷಧಿ ಎಳೆಸಿ, 10-15 ನಿಮಿಷದ ನಂತರ ಮತ್ತೆ ಊದಿಸುತ್ತಾರೆ. ಊದುವ ಶಕ್ತಿ ಚೆನ್ನಾಗಿ ಏರಿದರೆ ಅದು ಅಸ್ತಮಾದ ಕಡೆ ಬೆರಳು ತೋರಿಸುತ್ತದೆ. ಆರಾಮಿದ್ದ ದಿನ ಪರೀಕ್ಷೆ ಸರಿಯಾಗಿಯೇ ಬರಬಹುದು. ಅಷ್ಟಕ್ಕೇ ಅಸ್ತಮಾ ಇಲ್ಲವೆಂದು ತಿಳಿಯಬೇಡಿ. ತೀರಾ ಚಿಕ್ಕ ಮಕ್ಕಳಿಗೆ ಊದಲು ಬರುವುದಿಲ್ಲ. ಅವರ ವಿಷಯದಲ್ಲಿ ನೀವು ಹೇಳುವ ವಿವರವೇ ವೈದ್ಯರಿಗೆ ಮುಖ್ಯ.

"ಅಸ್ತಮಾ ಅಂತ ಬರೀಬ್ಯಾಡ್ರಿ ಸಿಸ್ಟರ್, ನಾಳೆ ಮಗಳ ಲಗ್ನ ಆಗಬೇಕು" ಎನ್ನುವ ತಾಯಂದಿರಿದ್ದಾರೆ. ತಾಯಿ, ಹೆಸರು ಮುಚ್ಚಿಟ್ಟರೆ ರೋಗ ಹೋಗುವುದಿಲ್ಲ, ಔಷಧಿ ತಪ್ಪುತ್ತದೆ ಅಷ್ಟೇ. ಅಸ್ತಮಾ ಅಂಟುರೋಗವಲ್ಲ. ಔಷಧಿ ಸರಿಯಾಗಿ ತೆಗೆದುಕೊಂಡರೆ ಓದು, ದುಡಿಮೆ, ಸಂಸಾರ, ಬಾಣಂತನ ಯಾವುದಕ್ಕೂ ಅಡ್ಡಿಯಿಲ್ಲ.

ಇನ್ಹೇಲರ್ ಚಟ ಹಿಡಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದರಲ್ಲಿನ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಕೊಳವೆಗೇ ಹೋಗುತ್ತದೆ. ನುಂಗುವ ಮಾತ್ರೆಯದು ಮಿಲಿಗ್ರಾಂ ಲೆಕ್ಕ. ಎಳೆದ ನಂತರ ಬಾಯಿ ಮುಕ್ಕಳಿಸಿ ಉಗುಳಿ. ದಮ್ಮು ಹತ್ತಿದಾಗ ಸಾಲ್ಬುಟಮಾಲ್ ಮಾತ್ರ ಎಳೆದು ದಿನ ದೂಡುವುದು ಅಪಾಯ. ಅದು ಬಿಗಿತ ಸಡಿಲಿಸುತ್ತದೆ, ಒಳಗಿನ ಊತ ಇಳಿಸುವುದಿಲ್ಲ. ಮೃಗಶಿರಾ ಮಳೆಗೆ ಹೈದರಾಬಾದಿನ ಮೀನಿನ ಔಷಧಿಗೆ ಹೋಗುವವರೂ ಇದ್ದಾರೆ. ಅದನ್ನು ನಂಬಿ ಇನ್ಹೇಲರ್ ಬಿಡಬೇಡಿ.

ಎರಡೂ ಅಲ್ಲದಿರಬಹುದು ಎಂಬುದನ್ನೂ ನೆನಪಿಡಿ. ಕೆಮ್ಮು 2 ವಾರ ದಾಟಿದರೆ ಕ್ಷಯದ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಬೀಡಿ ಸೇದುವವರಿಗೆ, ವರ್ಷಾನುಗಟ್ಟಲೆ ಒಲೆಯ ಹೊಗೆ ಕುಡಿದ ತಾಯಂದಿರಿಗೆ ಸಿಒಪಿಡಿ ಇರಬಹುದು. ಮಲಗಿದರೆ ದಮ್ಮು, ಕಾಲು ಬಾವು ಇದ್ದರೆ ಹೃದಯ ತೋರಿಸಿ. ಆಡುತ್ತಿದ್ದ ಕೂಸಿಗೆ ಒಮ್ಮೆಲೇ ಉಬ್ಬಸ ಬಂದರೆ ಶೇಂಗಾಕಾಳು ಸಿಕ್ಕಿಕೊಂಡಿರಬಹುದು. ತಕ್ಷಣ ಕರೆತನ್ನಿ.

ಕೆಳಗಿನ ಲಕ್ಷಣ ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ:

* ಒಂದು ವಾಕ್ಯ ಪೂರ್ತಿ ಮಾತಾಡಲಾಗದಿರುವುದು
* ತುಟಿ, ಉಗುರು ನೀಲಿಯಾಗುವುದು
* ಉಸಿರಿಗೆ ಪಕ್ಕೆ ಒಳಸೆಳೆಯುವುದು, ಮಂಪರು
* ದಮ್ಮು ಇದ್ದಂತೆಯೇ ಎದೆಯ ಸದ್ದು ನಿಂತುಹೋಗುವುದು. ಇದು ಗುಣವಲ್ಲ, ಗಾಳಿಯೇ ಆಡುತ್ತಿಲ್ಲವೆಂದು ಅರ್ಥ.

ಕೂಸು ಸುಮ್ಮನಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. 2 ರಿಂದ 12 ತಿಂಗಳೊಳಗಿನ ಕೂಸಿಗೆ 50, 1 ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಮುಂದಿನ ಸಲ ಬರುವಾಗ ಹಳೆಯ ಚೀಟಿಗಳನ್ನೂ, ನಿಮ್ಮ ಇನ್ಹೇಲರನ್ನೂ ತನ್ನಿ. ಎಳೆಯುವ ಕ್ರಮ ಸರಿಯಿದೆಯೇ ಎಂದು ನಾವು ನೋಡಿ ತಿದ್ದಿಕೊಡುತ್ತೇವೆ. ಕೇಳಲು ಸಂಕೋಚ ಬೇಡ.