ಆರಿದ್ರಾ ನಕ್ಷತ್ರದ ಬ್ರೇಕಿಂಗ್ ನ್ಯೂಸ್

‘ಈಗಷ್ಟೇ ಬಂದ ಸುದ್ದಿ’ ಅನ್ನೋದೇ ನಮ್ಮ ಕಸುಬು. ಇವತ್ತು ಆ ‘ಈಗಷ್ಟೇ’ ಅನ್ನೋ ಮಾತನ್ನೇ ಸ್ವಲ್ಪ ವಿಚಾರಿಸಿಕೊಳ್ಳೋಣ.

2019ರ ಕೊನೆಯಲ್ಲಿ ಆರಿದ್ರಾ ನಕ್ಷತ್ರ ಇದ್ದಕ್ಕಿದ್ದಂತೆ ಮಂಕಾಯ್ತು. ಆರಿದ್ರಾ ಮಳೆ ಅಂತೀವಲ್ಲ, ಅದೇ ಹೆಸರಿನ ನಕ್ಷತ್ರ. ಇಂಗ್ಲಿಷಿನಲ್ಲಿ ಬೀಟಲ್‌ಜ್ಯೂಸ್. ‘ಈಗ ಸ್ಫೋಟ ಆಗುತ್ತಂತೆ’ ಅಂತ ಜಗತ್ತಿನಾದ್ಯಂತ ಸುದ್ದಿ ಹಬ್ಬಿತು. ಈಗ ಅಂದರೆ ಯಾವಾಗ?

ಲೆಕ್ಕ ಹಾಕೋಣ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತೆ. ಸೂರ್ಯ ಇರೋದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಭಾಗಿಸಿ ನೋಡಿ, 500 ಸೆಕೆಂಡ್. ಅಂದರೆ ನೀವು ನೋಡೋ ಸೂರ್ಯ 8 ನಿಮಿಷ 20 ಸೆಕೆಂಡ್ ಹಳಬ!

ಸರಿ, ನಕ್ಷತ್ರದ ದೂರ ಅಳೆಯೋಕೆ ಟೇಪು ಹಿಡಿದು ಹೋದವರು ಯಾರು? ಯಾರೂ ಹೋಗಬೇಕಿಲ್ಲ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಜರುಗಿದ ಹಾಗೆ ಕಾಣುತ್ತೆ. ಹಾಗೇ ಆರು ತಿಂಗಳಲ್ಲಿ ಭೂಮಿ ಸೂರ್ಯನ ಆಚೆ ಬದಿಗೆ ಹೋದಾಗ, ಹತ್ತಿರದ ನಕ್ಷತ್ರ ಕೂದಲೆಳೆಯಷ್ಟು ಜರುಗಿ ಕಾಣುತ್ತೆ. ಅದನ್ನು ಅಳೆದರೆ ದೂರ ಸಿಗುತ್ತೆ. ಜರ್ಮನಿಯ ಖಗೋಳಜ್ಞ ಬೆಸೆಲ್ 1838ರಲ್ಲೇ ಹೀಗೆ ಒಂದು ನಕ್ಷತ್ರದ ದೂರ ಹೇಳಿದರು.

ಆಕಾಶದಲ್ಲಿ ಅತ್ಯಂತ ಹೊಳೆಯೋ ನಕ್ಷತ್ರ ಲುಬ್ಧಕ. ಅಲ್ಲಿಂದ ಬೆಳಕು ಬರೋಕೆ 8.6 ವರ್ಷ ಬೇಕು. ನಿಮ್ಮ ಮನೆಯ ಮೂರನೇ ಕ್ಲಾಸಿನ ಮಗು ಹುಟ್ಟಿದ ಹೊತ್ತಿಗೆ ಹೊರಟ ಬೆಳಕು, ಇವತ್ತು ರಾತ್ರಿ ಆ ಮಗುವಿನ ಕಣ್ಣಿಗೆ ಬೀಳುತ್ತೆ.

ಆರಿದ್ರಾ? ಅದು ಬಹಳ ದೂರ, ಜರುಗೋದು ಬಹಳ ಕಡಿಮೆ. ಹಾಗಾಗಿ ಲೆಕ್ಕ 500ರಿಂದ 700 ವರ್ಷದ ನಡುವೆ ಓಲಾಡುತ್ತೆ. ಹೆಚ್ಚುಕಮ್ಮಿ ವಿಜಯನಗರದ ಅರಸರ ಕಾಲದಲ್ಲಿ ಹೊರಟ ಬೆಳಕು ಅದು. ಅದನ್ನು ಹಿಡಿದುಕೊಂಡು ಜನ ‘ಈಗ, ಈಗ’ ಅಂತ ಕೂಗಿದರು!

ಆಮೇಲೆ ಗೊತ್ತಾಯ್ತು: ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ, ಅದರ ಮುಖಕ್ಕೇ ಅಡ್ಡ ಬಂದಿತ್ತು. 2020ರಲ್ಲಿ ಮತ್ತೆ ಹೊಳೆಯಿತು. ಅದು ಮುಂದೊಂದು ದಿನ ಸಿಡಿಯೋದು ನಿಜ, ಅದಕ್ಕೆ ಲಕ್ಷ ವರ್ಷವೇ ಆದೀತು. ಸಿಡಿದರೂ ಅಷ್ಟು ದೂರದ ಭೂಮಿಗೆ ಅಪಾಯವಿಲ್ಲ.

ವಿಜ್ಞಾನಿಗಳು ‘500ರಿಂದ 700’ ಅಂತ ಅನುಮಾನವನ್ನೂ ಸೇರಿಸಿ ಹೇಳ್ತಾರೆ. ನಾವು ಸುದ್ದಿಯವರು ಅನುಮಾನ ಬಿಟ್ಟು ಕೂಗ್ತೀವಿ. ಇನ್ನು ಮೇಲೆ ಯಾರಾದರೂ ‘ಈಗಷ್ಟೇ’ ಅಂದರೆ, ಅದು ನಾನೇ ಆಗಿದ್ದರೂ ಸರಿ, ಒಂದು ಪ್ರಶ್ನೆ ಕೇಳಿ: ಈ ಸುದ್ದಿ ಹೊರಟದ್ದು ಯಾವಾಗ?