ಧರೆ, ಸೂರು ಮತ್ತು ಸಿಂಗಪುರ



ವಾಸ್ತುಶಿಲ್ಪದ ಪದವಿ ಪಡೆದ ನಿಮ್ಮಲ್ಲಿ ಹಲವರ ಕಣ್ಣು ದುಬೈ, ಸಿಂಗಪುರ, ಲಂಡನ್‌ಗಳ ಮೇಲಿದೆ. ಹೋಗಿ ಎಂದೇ ನಾನೂ ಹೇಳುತ್ತೇನೆ. ಆದರೆ ಒಂದು ನೆಲದ ಮಳೆ, ಬಿಸಿಲು, ಮಣ್ಣನ್ನು ಕಟ್ಟುನಿಟ್ಟಾಗಿ ಓದಿದ ವಾಸ್ತುಶಿಲ್ಪಿಗೆ ಮಾತ್ರ ಹೊರದೇಶದ ಕೆಲಸದಲ್ಲಿ ನಿಜವಾದ ಬೆಲೆ. ಇದಕ್ಕೆ ಸಾಕ್ಷಿ ನಮ್ಮ ಚರಿತ್ರೆಯಲ್ಲೇ ಇದೆ. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬರ್ಲಿನ್‌ನಲ್ಲಿ ಕಲಿತ ಆಧುನಿಕ ಶೈಲಿಯನ್ನು ಇಲ್ಲಿನ ಬಿಸಿಲು ಗಾಳಿಗೆ ಒಗ್ಗಿಸುವುದೇ ಅವರ ದಿನನಿತ್ಯದ ಕೆಲಸವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳಿವೆ. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸಿದರು. ವಿಶ್ವಸಂಸ್ಥೆಯ ಪರವಾಗಿ ಘಾನಾಕ್ಕೆ, 1963ರಲ್ಲಿ ಸಿಂಗಪುರಕ್ಕೆ ಸಲಹೆಗಾರರಾಗಿ ಹೋದರು. ಮೈಸೂರಿನ ವರ್ಷಗಳಿಲ್ಲದೆ ಸಲಹೆ ಕೊಡುವ ಆ ಅರ್ಹತೆ ಅವರಿಗೆ ಬರುತ್ತಿರಲಿಲ್ಲ.

ನೆಲದ ಅಂಥ ಓದಿಗೆ ಮಲೆನಾಡಿನ ಈ ಕಾಫಿ ಸೀಮೆಗಿಂತ ಒಳ್ಳೆಯ ಜಾಗ ಕಡಿಮೆ. ಮೂಡಿಗೆರೆ ಕಡೆಯ ಹಳೇ ಮನೆಯ ಸೂರು ನೋಡಿ: ಗಾಳಿಗೆ ಓರೆಯಾಗಿ ಬೀಳುವ ಮಳೆ ಗೋಡೆಗೆ ತಾಗದಂತೆ ಅದು ಜಗಲಿ ದಾಟಿ ತಗ್ಗಾಗಿ ಇಳಿದಿರುತ್ತದೆ. ಅಷ್ಟಾದರೂ ಎರಚಲು ಬರುವ ದಿಕ್ಕಿಗೆ ಮಳೆಗಾಲದಲ್ಲಿ ಸೋಗೆಯ ತಟ್ಟಿ ಕಟ್ಟುತ್ತಾರೆ, ಅಂಗಳದ ನೀರನ್ನು ಚರಂಡಿ ತೆಗೆದು ಧರೆಯಿಂದ, ಅಂದರೆ ಪಕ್ಕದ ಕಡಿದಾದ ಮಣ್ಣಿನ ಇಳಿಜಾರಿನಿಂದ, ದೂರ ಹರಿಸುತ್ತಾರೆ. ಈಗ ಹೋಮ್‌ಸ್ಟೇಗೆಂದು ಜೆಸಿಬಿಯಿಂದ ಧರೆಯನ್ನು ನೆಟ್ಟಗೆ ಕಡಿದು, ಅದರ ಬುಡದಲ್ಲೇ ಕಟ್ಟಡ ಎಬ್ಬಿಸುವುದನ್ನೂ ಕಾಣುತ್ತೇವೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಮಳೆಗೆ ನೆನೆದ ಗುಡ್ಡವೇ ಜರಿದು ಬಂತು. ನೀರು ಕುಡಿದ ಇಳಿಜಾರು ಎಷ್ಟು ಭಾರ ತಾಳೀತು? ಕೊಲಂಬಿಯಾದ ಕಾಫಿ ಬೆಟ್ಟದಲ್ಲೂ ವಾಸ್ತುಶಿಲ್ಪಿ ಮೊದಲು ಕೇಳಬೇಕಾದ್ದು ಇದನ್ನೇ.

ದೊಡ್ಡ ಕಂಪನಿಗಳಿಗೆ ಬೇಕಿರುವುದು ಸಾಫ್ಟ್‌ವೇರ್ ಬಲ್ಲವರು, ಸೂರು ಸೋಗೆಯ ಮಾತೇಕೆ ಎನ್ನಬಹುದು. ಮೊದಲ ಕೆಲಸ ಅದರಿಂದಲೇ ಸಿಗುತ್ತದೆ, ನಿಜ. ಆದರೆ ಕಟ್ಟಡದ ಮುಖ ಯಾವ ದಿಕ್ಕಿಗಿರಬೇಕು ಎಂಬ ತೀರ್ಮಾನ ಪರದೆಗೆ ಬರುವ ಮೊದಲೇ ತಲೆಯಲ್ಲಿ ಆಗಬೇಕು. ಇದು ಹಳೇ ಮನೆಗಳ ಮೋಹ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆ ಮನೆಗಳಿಗೆ ಬಳಸಿದಂಥ ಮರ ಈಗ ಸಿಗದು. ತೊಟ್ಟಿಮನೆಯ ನಕಲು ಮಾಡಿ ಎಂದು ನಾನು ಹೇಳುವುದೂ ಇಲ್ಲ. ಮಲೆನಾಡಿನದೇ ಎನ್ನಿಸುವ ಮಂಗಳೂರು ಹೆಂಚು ಕೂಡ ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದದ್ದು. ಇಲ್ಲಿನ ಮಳೆಗೆ ನಿಂತು ತೋರಿಸಿತು, ಹಾಗಾಗಿ ಉಳಿಯಿತು. ಹೊಸ ಸಾಮಗ್ರಿಗೂ ಅದೇ ಪರೀಕ್ಷೆ ಒಡ್ಡಿ.

ಹೊರಗೆ ಹೋಗುವವರಿಗೆ ಇನ್ನೊಂದು ಮಾತು: 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ಇಲ್ಲಿ ಸಿಗುವ ನೋಂದಣಿ ಹೊರದೇಶಕ್ಕೆ ತಾನಾಗಿ ಸಲ್ಲುವುದಿಲ್ಲ. ಸಾಮಾನ್ಯವಾಗಿ ಅಲ್ಲಿನ ಪರವಾನಗಿ ಇರುವವರ ಜೊತೆಗೂಡಿ ಕೆಲಸ ಮಾಡಬೇಕು. ಅಲ್ಲಿನ ನಿಯಮ ಅವರಿಗೆ ಗೊತ್ತಿರುತ್ತದೆ. ನೆಲವನ್ನು ಓದುವ ಕ್ರಮವನ್ನು ನೀವು ಕೊಂಡೊಯ್ಯಬೇಕು. ಹೊರಡುವ ಮುನ್ನ ಇದೇ ಸೀಮೆಯ ಕಳಸದ ಒಂದು ಧರೆಯನ್ನು ಮಳೆಗಾಲವಿಡೀ ಗಮನಿಸಿ, ನೀರಿನ ದಾರಿ ಸಮೇತ ನಕ್ಷೆ ಬರೆದು, ಅದನ್ನು ನಿಮ್ಮ ಪೋರ್ಟ್‌ಫೋಲಿಯೊದ ಮೊದಲ ಪುಟಕ್ಕೆ ಹಾಕಿ.