ಡಕೋಟಾದ ನಂತರ

ಲಿಂಗನಮಕ್ಕಿಯ ಕಟ್ಟೆ ನೋಡಿ ಬಂದವರಿಗೆ ಹೊಸ ಬಗೆಯ ವಿಮಾನದ ಎಂಜಿನನ್ನು ವಿವರಿಸುವುದು ಕಷ್ಟವಲ್ಲ. ಶರಾವತಿಯ ನೀರು ಕೊಳವೆಗಳಲ್ಲಿಳಿದು ವಿದ್ಯುದಾಗಾರದ ಚಕ್ರಗಳಿಗೆ ರಭಸದಿಂದ ಬಡಿಯುತ್ತದೆ, ಚಕ್ರ ತಿರುಗುತ್ತದೆ. ಆ ನೀರಿನ ಬದಲು ಉರಿಯುವ ಎಣ್ಣೆಯ ಬಿಸಿ ಅನಿಲವನ್ನು ಊಹಿಸಿಕೊಳ್ಳಿ. ಚಕ್ರದ ಅಚ್ಚಿಗೆ ಹಲ್ಲುಗಾಲಿಗಳ ಮೂಲಕ ಒಂದು ಪಂಖವನ್ನು ಜೋಡಿಸಿರಿ. ಟರ್ಬೋಪ್ರಾಪ್ ಎಂಜಿನ್ನಿನ ಗುಟ್ಟು ಇಷ್ಟೆ.

1953ರ ಆಗಸ್ಟ್ 1ರಂದು ಎಂಟು ವಿಮಾನ ಕಂಪನಿಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆದಾಗ, ಅದಕ್ಕೆ ಬಳುವಳಿಯಾಗಿ ಬಂದವುಗಳಲ್ಲಿ ಬಹುಪಾಲು ಡಕೋಟಾಗಳೇ. ಯುದ್ಧ ಮುಗಿದ ಮೇಲೆ ಮಿಕ್ಕ ಸೈನ್ಯದ ಡಕೋಟಾಗಳನ್ನು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ದುರಸ್ತಿ ಮಾಡಿ, ಪ್ರಯಾಣಿಕರಿಗೆ ಒಗ್ಗುವಂತೆ ಮಾರ್ಪಡಿಸುತ್ತಿದ್ದರು. ಡಕೋಟಾ ನೆಲದ ಮೇಲೆ ಬಾಲ ತಗ್ಗಿಸಿ ಕೂರುತ್ತಿತ್ತು. ಮುಂದಿನ ಆಸನ ಸಿಕ್ಕವರು ಘಟ್ಟ ಹತ್ತಿದಂತೆಯೇ ನಡೆಯಬೇಕು! ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ಏರ್ಪಾಡಿಲ್ಲದ್ದರಿಂದ ಬಹಳ ಎತ್ತರಕ್ಕೆ ಹೋಗುವಂತಿರಲಿಲ್ಲ. ಆಗುಂಬೆಯ ಆಷಾಢದ ಮೋಡವನ್ನು ಬಲ್ಲವರು ಅದರೊಳಗಿನ ಪ್ರಯಾಣ ಹೇಗಿದ್ದೀತೆಂದು ಊಹಿಸಬಲ್ಲರು.

1957ರಲ್ಲಿ ವೈಕೌಂಟ್ ಬಂದಿತು. ರೋಲ್ಸ್ ರಾಯ್ಸ್ ಕಂಪನಿಯ ನಾಲ್ಕು ಡಾರ್ಟ್ ಎಂಜಿನ್‌ಗಳು, ಮೊಟ್ಟೆಯಾಕಾರದ ದೊಡ್ಡ ಕಿಟಕಿಗಳು, ಗಂಟೆಗೆ ಸುಮಾರು 300 ಮೈಲಿಯ ವೇಗ. ಹಳೆಯ ಎಂಜಿನ್ನಿನ ಕೊಂತಗಳು ಹಿಂದೆ ಮುಂದೆ ಗುದ್ದಾಡುತ್ತಿದ್ದರೆ, ಇಲ್ಲಿ ಚಕ್ರ ಒಂದೇ ಸಮನೆ ಸುತ್ತುತ್ತಿತ್ತು. ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಬಹುದೆಂಬ ಹೊಗಳಿಕೆಯೂ ಹುಟ್ಟಿತು. ಹೊಗಳಿಕೆಯಲ್ಲಿ ಅರ್ಧ ಕಳೆದರೂ ಅದು ಸುಖವೇ ಸರಿ.

ಆದರೆ ಈ ಸುಖ ಯಾರ ಪಾಲಿಗೆ? ವೈಕೌಂಟ್ ಓಡಾಡಿದ್ದು ದೊಡ್ಡ ಪಟ್ಟಣಗಳ ನಡುವೆ. ಒರಟು ನೆಲದಲ್ಲೂ ಇಳಿಯಬಲ್ಲ ಡಕೋಟಾವನ್ನು ಸಣ್ಣ ಊರುಗಳಿಂದ ಕಿತ್ತೊಗೆಯುವುದು ಸುಲಭವಾಗಲಿಲ್ಲ. ಅದರ ಜಾಗಕ್ಕೆಂದೇ ಯೋಜಿಸಿದ ಫೋಕರ್ ಫ್ರೆಂಡ್‌ಶಿಪ್ 1961ರಲ್ಲಿ ಬಂದಿತು. ಕಾನ್ಪುರದಲ್ಲಿ ಜೋಡಿಸಿದ ಆವ್ರೋ 1967ರಲ್ಲಿ ಸೇವೆಗೆ ಸೇರಿತು. ಎರಡರಲ್ಲೂ ಅದೇ ಡಾರ್ಟ್; ಆವ್ರೋಗೆ ಬೇಕಾದ ಡಾರ್ಟ್‌ಗಳನ್ನು ನಮ್ಮ ಬೆಂಗಳೂರಿನಲ್ಲೇ ಪರವಾನಗಿಯ ಮೇಲೆ ತಯಾರಿಸಿದರು.

ಅಷ್ಟರಲ್ಲಿ, 1964ರಲ್ಲಿ, ಕ್ಯಾರವೆಲ್ ಜೆಟ್ ಬಂದಿತ್ತು. ಪಂಖದ ವಿಮಾನವೆಂದರೆ ಹಳೆಯದು ಎಂಬ ಭಾವನೆ ಆಗಿನಿಂದಲೇ ಬೇರೂರಿತು. ನಾನದನ್ನು ಒಪ್ಪಲಾರೆ. ಹತ್ತಿರದ ಊರಿಗೆ, ಕಡಿಮೆ ಎಣ್ಣೆಯಲ್ಲಿ, ಗಿಡ್ಡ ಓಟದ ದಾರಿಯಿಂದ ಹಾರಲು ಪಂಖವೇ ವಾಸಿ. 2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆಗೆ ಬೆಂಗಳೂರಿನಿಂದ ಬಂದಿಳಿದ ಮೊದಲ ಪ್ರಯಾಣಿಕ ವಿಮಾನವನ್ನು ನೀವು ನೋಡಿದ್ದರೆ ಅದರ ರೆಕ್ಕೆಗಳತ್ತ ಗಮನ ಹೋಗಿರಬೇಕು. ಅದು ಎ.ಟಿ.ಆರ್. 72, ಎರಡು ರೆಕ್ಕೆಗಳಲ್ಲೂ ಆರಾರು ಅಲಗಿನ ಪಂಖಗಳು, ಅವುಗಳ ಹಿಂದೆ ಅದೇ ಚಕ್ರ.